ಕೈಬಿಡದ ಸಲಕರಣೆ, ಕೈಬಿಡದ ಗಿರಾಕಿ

ಪಶ್ಚಿಮ ತಾಲ್ಲೂಕುಗಳ ಅಡವಿ-ಹೊಲಗಳ ದುಡಿಮೆಗೆ ಬೇಕಾದ ಸಾಮಗ್ರಿಗಳು: ವ್ಯಾಪಾರದ ಲೆಕ್ಕದಲ್ಲಿ ಒಂದು ನೋಟ

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾಹಿಯೊಬ್ಬ ಕುಡುಗೋಲುಗಳ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಒಂದೊಂದನ್ನೇ ಎತ್ತಿ ಅಲಗನ್ನು ಉಗುರಿನಿಂದ ಮೀಟುತ್ತಾನೆ. ಕಿವಿಗೊಟ್ಟು ನಾದವನ್ನು ಆಲಿಸುತ್ತಾನೆ. ಬೆನ್ನಿನ ದಪ್ಪವನ್ನು ಹೆಬ್ಬೆರಳಿನಿಂದ ಸವರುತ್ತಾನೆ. ಹತ್ತು ಕೆಳಗಿಟ್ಟು ಹನ್ನೊಂದನೆಯದನ್ನು ಕೈಯಲ್ಲಿ ಹಿಡಿದು ಕೇಳುವ ಪ್ರಶ್ನೆ ಬೆಲೆಯದಲ್ಲ. “ಸಾವ್ಕಾರ್ರೇ, ಇದು ಎಷ್ಟು ವರ್ಷ ಬರ್ತತಿ?” ಎಂಬುದೇ ಅವನ ಮೊದಲ ಮಾತು. ಬೆಲೆಯ ಮಾತು ಆಮೇಲೆ.

ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬಲ್ಲ ಅಂಗಡಿಯ ಮುಂದೆ ಗಿರಾಕಿಯ ಮಗನೂ ಮೊಮ್ಮಗನೂ ನಿಲ್ಲುತ್ತಾರೆ. ಉತ್ತರ ಕೊಡಲಾಗದ ಅಂಗಡಿಗೆ ಆತ ಎರಡನೆಯ ಸಲ ಬರುವುದಿಲ್ಲ. ಅಡವಿಯಲ್ಲಿ, ಹೊಲದಲ್ಲಿ, ಹೊಳೆಯ ದಂಡೆಯಲ್ಲಿ ದುಡಿಯುವವನಿಗೆ ಸಲಕರಣೆ ಅಲಂಕಾರವಲ್ಲ. ಅದು ನಡುದಾರಿಯಲ್ಲಿ ಕೈಕೊಟ್ಟರೆ ಆ ದಿನದ ಕೂಲಿ ಹೋಗಬಹುದು, ಒಂದು ಕುರಿ ಹೋಗಬಹುದು, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಈ ಸಾಮಗ್ರಿಗಳ ವ್ಯಾಪಾರವನ್ನು ಇತರ ಚಿಲ್ಲರೆ ವ್ಯಾಪಾರದ ಅಳತೆಗೋಲಿನಿಂದ ಅಳೆಯುವುದು ಸರಿಯಾಗಲಾರದು.

ಸೀಮೆಯ ಸ್ವರೂಪ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳನ್ನು ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಕರೆಯುವುದು ಹಳೆಯ ರೂಢಿ. ಆಡಳಿತದ ಗಡಿಗಳು ಮಾತ್ರ ಹಲವು ಬಾರಿ ಬದಲಾಗಿವೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಈ ಎಲ್ಲ ತಾಲ್ಲೂಕುಗಳೂ ಹೊಸ ಜಿಲ್ಲೆಯ ಪಾಲಾದವು. ಕಚೇರಿಗಳ ವಿಳಾಸ ಬದಲಾದರೂ ನೆಲದ ಗುಣ ಬದಲಾಗಲಿಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು. ಕಲ್ಲುಗುಡ್ಡ, ಕುರುಚಲು ಕಾಡು, ಮೆಕ್ಕೆಜೋಳ-ಶೇಂಗಾಗಳ ಒಣಬೇಸಾಯ, ಊರೂರಿಗೂ ಕುರಿಹಟ್ಟಿ. ಒಂದು ಅಂಚಿನಲ್ಲಿ ತುಂಗಭದ್ರೆಯ ಹರಿವು ಮತ್ತು ಜಲಾಶಯದ ಹಿನ್ನೀರು. ಹಡಗಲಿಯಲ್ಲಿ ಭೌಗೋಳಿಕ ಗುರುತು ಪಡೆದ ಮಲ್ಲಿಗೆಯ ತೋಟಗಳು.

ಈ ಐದು ತಾಲ್ಲೂಕುಗಳಲ್ಲಿ ಸೂರಿನ ಕೆಳಗಿನ ದುಡಿಮೆಗಿಂತ ಬಯಲ ದುಡಿಮೆಯೇ ಹೆಚ್ಚು. ಕುರಿಗಾಹಿ, ರಾತ್ರಿ ಹೊಲ ಕಾಯುವ ರೈತ, ನಸುಕಿನಲ್ಲಿ ಮೊಗ್ಗು ಬಿಡಿಸುವ ಹೆಣ್ಣುಮಗಳು, ಹಿನ್ನೀರಿನಲ್ಲಿ ಬಲೆ ಬೀಸುವ ಬೆಸ್ತ, ಹುಣಸೆ ಮರ ಹತ್ತುವ ಕೂಲಿಕಾರ ಇವರೆಲ್ಲ ಒಂದೇ ಅಂಗಡಿಯ ಗಿರಾಕಿಗಳು. ಇವರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ: ಹೊದೆಯಲು ಕಂಬಳಿ, ಕಡಿಯಲು ಕುಡುಗೋಲು ಅಥವಾ ಮಚ್ಚು, ಕಾಲಿಗೆ ಗಟ್ಟಿಯಾದ ಮೆಟ್ಟು, ಕತ್ತಲೆಗೆ ಬ್ಯಾಟರಿ, ಕಟ್ಟಲು ಹಗ್ಗ, ತಡೆಯಲು ಬಲೆ.

ಬೇಟೆಯಿಂದ ಕಾವಲಿಗೆ

ಇಂದು ಕಾವಲಿನ ಸಾಮಗ್ರಿ ಎನಿಸಿಕೊಂಡಿರುವ ಹಲವು ವಸ್ತುಗಳು ಒಂದು ಕಾಲಕ್ಕೆ ಬೇಟೆಯ ಸಾಮಗ್ರಿಗಳಾಗಿದ್ದವು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಬೇಟೆಯ ದೃಶ್ಯಗಳನ್ನು ಕಂಡರಿಸಲಾಗಿದೆ. ವಿಜಯನಗರದ ಪತನಾನಂತರ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಆಳಿದ ಪಾಳೆಯಗಾರರ ಕಾಲದಲ್ಲಿ ಬೇಡ ಪಡೆಗಳಿಗೆ ಬೇಟೆಯೇ ಯುದ್ಧದ ತಾಲೀಮು ಆಗಿತ್ತು. ಆಯುಧವು ಜೀವನೋಪಾಯದ ಜೊತೆಗೆ ಮಾನದ ಪ್ರಶ್ನೆಯೂ ಆಗಿತ್ತೆಂಬುದಕ್ಕೆ 1857ರ ಹಲಗಲಿಯ ದಂಗೆಯೇ ಸಾಕ್ಷಿ. ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮಣಿಯದೆ ಮುಧೋಳ ಸೀಮೆಯ ಆ ಹಳ್ಳಿಯ ಬೇಡರು ಪ್ರಾಣವನ್ನೇ ಪಣಕ್ಕೊಡ್ಡಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಆ ಅಧ್ಯಾಯ ಕೊನೆಗೊಂಡಿತು. ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಒಡ್ಡುವುದು, ಬೋನು ಇಡುವುದು, ಎರೆ ಹಾಕಿ ಹಿಡಿಯಲೆತ್ನಿಸುವುದು ಕೂಡ ಬೇಟೆಯೇ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಗುಡ್ಡಗಳು 2013ರಲ್ಲಿ ಕರಡಿಧಾಮವೆಂದು ಘೋಷಿತವಾದವು. ಮುಂದೆ ಅದರ ವ್ಯಾಪ್ತಿಯೂ ಹಿಗ್ಗಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹಿಂದೆ ಬೇಟೆಗಾರ ಅಲೆದ ನೆಲದಲ್ಲಿ ಇಂದು ದುರ್ಬೀನು ಹಿಡಿದವರು ಅಲೆಯುತ್ತಾರೆ. ಹೊಲದವನಿಗೆ ಉಳಿದದ್ದು ಕಾವಲು ಮಾತ್ರ. ಜೋಳ, ಸಜ್ಜೆಯ ತೆನೆಗೆ ಎರಗುವ ಹಕ್ಕಿಗಳನ್ನು ಅಟ್ಟಲು ಅಟ್ಟಣಿಗೆಯ ಮೇಲೆ ನಿಂತು ಬೀಸುವ ಕವಣೆಯು ಆ ಹಳೆಯ ಆಯುಧಶಾಲೆಯ ಕೊನೆಯ ಕುಡಿ ಎನ್ನಬಹುದು. ಒಂದು ಅಂಗೈ ಅಗಲದ ಹೆಣಿಗೆ, ಎರಡು ಹುರಿ, ಒಂದು ಕಲ್ಲು. ಕೆಡುವಂಥದು ಅದರಲ್ಲಿ ಏನೂ ಇಲ್ಲ.

ಕಂಬಳಿ: ಒಂದು ಬಟ್ಟೆ, ಹತ್ತು ಕೆಲಸ

ಈ ಪಟ್ಟಿಯಲ್ಲಿ ಮೊದಲ ಸ್ಥಾನ ಕಂಬಳಿಗೇ ಸಲ್ಲಬೇಕು. ಕುರಿಗಾಹಿಗೆ ಅದು ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಬಿಸಿಲಿನಲ್ಲಿ ನೆರಳು, ರಾತ್ರಿಯಲ್ಲಿ ಹಾಸಿಗೆ. ಆಗತಾನೆ ಹುಟ್ಟಿದ ಮರಿಯನ್ನು ಸುತ್ತಿ ತರಲು ಜೋಳಿಗೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಬಿಲ್ಲನ್ನೇರಿ ಕಾರಣಿಕ ನುಡಿಯುವ ಗೊರವಯ್ಯನ ವೇಷವೂ ಕಂಬಳಿಯದೇ. ಪೂಜೆಗೆ ಗದ್ದುಗೆಯೂ ಅದೇ, ದುಡಿಮೆಗೆ ಉಡುಗೆಯೂ ಅದೇ.

ಕಂಬಳಿಯ ಬಾಳಿಕೆಗೆ ಕಾರಣಗಳು ಅದರ ತಯಾರಿಕೆಯಲ್ಲಿಯೇ ಇವೆ. ಬಳ್ಳಾರಿ ಮತ್ತು ದಖನಿ ತಳಿಯ ಕುರಿಗಳ ಉಣ್ಣೆ ಒರಟು. ನವಿರಾದ ಶಾಲಿಗೆ ಅದು ನಿರುಪಯೋಗಿ. ಸವೆತವನ್ನು ತಾಳುವ ಹೊದಿಕೆಗೆ ಅದಕ್ಕಿಂತ ಉತ್ತಮವಾದುದಿಲ್ಲ. ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ನೂಲು ತೆಗೆದು, ಹಾಸಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸಿ, ಗುಂಡಿ ಮಗ್ಗದಲ್ಲಿ ನೇಯುವುದು ಸಂಪ್ರದಾಯ. ಗಂಜಿಯಿಂದ ಎಳೆಗಳು ಒತ್ತಾಗಿ ಕೂಡಿ ಬಟ್ಟೆ ಬಿರುಸಾಗುತ್ತದೆ; ಮಳೆಯ ಹನಿ ಒಳಗಿಳಿಯದೆ ಮೇಲಿನಿಂದ ಜಾರುತ್ತದೆ. ಉಣ್ಣೆಗೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಕೊಂಡ ಮೇಲೂ ಮೈಗೆ ಒದ್ದೆ ತಾಗಿಸದ ಗುಣವಿದೆ. ಬೆಂಕಿಯ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುವುದಿಲ್ಲ, ಕರಿಕಾಗಿ ಆರುತ್ತದೆ. ಹೊಲದಲ್ಲಿ ಬೆಂಕಿ ಹಾಕಿಕೊಂಡು ಮಲಗುವವನಿಗೆ ಇದು ಸಣ್ಣ ಸಂಗತಿಯಲ್ಲ. ಕೃತಕ ನೂಲಿನ ಹೊದಿಕೆ ಈ ಪರೀಕ್ಷೆಯಲ್ಲಿ ಸೋಲುತ್ತದೆ.

ಈ ಸೀಮೆಯ ವರ್ತಕರಿಗೆ ಕಂಬಳಿ ಒದಗಿಸುವ ಹೆಸರಾಂತ ಕೇಂದ್ರಗಳು ದೂರದಲ್ಲಿಲ್ಲ. ತುಂಗಭದ್ರೆಯ ಆಚೆ ದಡದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ದಕ್ಷಿಣಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಇವೆರಡೂ ಕಂಬಳಿ ನೇಕಾರಿಕೆಗೆ ಹೆಸರಾದ ಊರುಗಳು. ಮಲೆನಾಡಿನ ಕಾಫಿ ತೋಟಗಳ ಕೂಲಿಕಾರರು ಹಿಂದಿನಿಂದಲೂ ಬಯಲುಸೀಮೆಯ ಕಂಬಳಿಯ ದೊಡ್ಡ ಗಿರಾಕಿಗಳು.

ಆದರೂ ಈ ವ್ಯಾಪಾರ ಸೊರಗುತ್ತಿದೆ. ಮಳೆಗೆ ಪ್ಲಾಸ್ಟಿಕ್ ಹಾಳೆ ಬಂದಿತು, ಚಳಿಗೆ ಯಂತ್ರದಲ್ಲಿ ನೇಯ್ದ ಬಣ್ಣದ ರಗ್ಗು ಬಂದಿತು. ಉಣ್ಣೆಗೆ ಸಿಗುವ ಬೆಲೆ ಕತ್ತರಿಸುವ ಕೂಲಿಗೂ ಸಾಲದೆಂದು ಕುರಿಗಾಹಿಗಳು ಹಲವೆಡೆ ಉಣ್ಣೆಯನ್ನು ಹಾಗೆಯೇ ಬಿಸಾಡುತ್ತಾರೆ. ಮಾಂಸದ ಬೆಲೆ ಏರಿದಂತೆ ಉಣ್ಣೆಯಿಲ್ಲದ ಕೆಂಗುರಿಯಂಥ ತಳಿಗಳತ್ತ ಒಲವು ಹೆಚ್ಚಿದೆ. ಒಂದೆಡೆ ಉಣ್ಣೆ ತಿಪ್ಪೆಗೆ ಬೀಳುತ್ತಿದ್ದರೆ, ಇನ್ನೊಂದೆಡೆ ಒಳ್ಳೆಯ ಕಂಬಳಿಗೆ ಅಂಗಡಿಯಲ್ಲಿ ಕೊರತೆಯಿದೆ. ನಡುವಿನ ಕೊಂಡಿ ಕಳಚಿರುವುದೇ ಇದಕ್ಕೆ ಕಾರಣ. ಆ ಕೊಂಡಿಯ ಹೆಸರೇ ವರ್ತಕ.

ಕಬ್ಬಿಣದ ಹದ

ಎರಡನೆಯ ಸ್ಥಾನ ಕುಡುಗೋಲು ಮತ್ತು ಮಚ್ಚಿನದು. ಸಂಡೂರಿನ ಗುಡ್ಡಗಳ ಅದಿರು ದೇಶವಿದೇಶಗಳಿಗೆ ಹೋದರೂ ಹಳ್ಳಿಯ ಕಮ್ಮಾರನಿಗೆ ಇಂದು ಕಚ್ಚಾ ವಸ್ತುವಾಗಿ ಒದಗುವುದು ಗುಜರಿ ಅಂಗಡಿಯ ಲಾರಿ ಕಮಾನ್ ಪಟ್ಟಿ. ಇದರಲ್ಲಿ ಕೊರತೆಯೇನೂ ಇಲ್ಲ. ಕಮಾನ್ ಪಟ್ಟಿಯ ಉಕ್ಕಿನಲ್ಲಿ ಇಂಗಾಲದ ಅಂಶ ಸಾಮಾನ್ಯ ಕಬ್ಬಿಣಕ್ಕಿಂತ ಹೆಚ್ಚಿರುವುದರಿಂದ ಅದು ಹದವನ್ನು ಹಿಡಿಯುತ್ತದೆ. ಕಾಯಿಸಿ ಬಡಿದು, ಕೆಂಪಗಿರುವಾಗ ಅದ್ದಿ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಬಿರುಸನ್ನು ಇಳಿಸಿದರೆ ಅಲಗು ಹರಿತವಾಗಿಯೂ ಇರುತ್ತದೆ, ಸಿಡಿಯುವುದೂ ಇಲ್ಲ. ಎರಡನೆಯ ಕಾಯಿಸುವಿಕೆಯನ್ನು ತಪ್ಪಿಸಿದ ಅಲಗು ಜಾಲಿಯ ಗಂಟಿಗೆ ತಾಗಿದೊಡನೆ ಚಕ್ಕೆ ಏಳುತ್ತದೆ. ಕಡಿಮೆ ಇಂಗಾಲದ ತಗಡಿನಿಂದ ಕತ್ತರಿಸಿ, ಸಾಣೆ ಹಿಡಿದು, ಬಣ್ಣ ಬಳಿದ ಅಲಗು ಅಂಗಡಿಯಲ್ಲಿ ಹೊಳೆಯುತ್ತದೆ. ಹೊಲದಲ್ಲಿ ಎರಡೇ ದಿನಕ್ಕೆ ಮೊಂಡಾಗುತ್ತದೆ.

ಗಿರಾಕಿ ಉಗುರಿನಿಂದ ಮೀಟಿ ನಾದ ಕೇಳುವುದರ ಮರ್ಮ ಇಲ್ಲಿದೆ. ಸೀಳು ಬಿಟ್ಟ ಅಲಗು ಒಡೆದ ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಸೀಳಿಲ್ಲದ ಅಲಗಿನ ನಾದ ಎಳೆಯುತ್ತದೆ. ಹಿಡಿಯ ಜೋಡಣೆಯನ್ನೂ ನುರಿತ ಗಿರಾಕಿ ಬಿಡದೆ ನೋಡುತ್ತಾನೆ. ಬಾಲವು ಹಿಡಿಯ ತುದಿಯವರೆಗೆ ಹಾಯ್ದಿದೆಯೇ, ಬಳೆ ಬಿಗಿಯಾಗಿದೆಯೇ, ಮರ ಒಣಗಿದೆಯೇ ಎಂಬುದು ಅವನ ವಿಚಾರಣೆ. ಹಸಿ ಮರದ ಹಿಡಿ ಬೇಸಗೆಯಲ್ಲಿ ಕುಗ್ಗಿ ಅಲಗು ಕಳಚುತ್ತದೆ. ಬೀಸುವ ಕೈಯಿಂದ ಕಳಚಿದ ಅಲಗು ಎಲ್ಲಿ ಹೋಗಿ ನಾಟುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕುರಿಗೆ ಸೊಪ್ಪು ಇಳಿಸಲು ಉದ್ದನೆಯ ಗಳೆಗೆ ಕಟ್ಟಿದ ಕುಡುಗೋಲನ್ನು ಬಳಸುವವನಿಗಂತೂ ಅಲಗು ಇರುವುದು ತನ್ನ ತಲೆಯ ಮೇಲೆಯೇ.

ಕಾಲಿಗೆ, ಕಟ್ಟಿಗೆ, ಕತ್ತಲೆಗೆ

ಈ ಭಾಗದ ಬಯಲುಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿಯ ಮುಳ್ಳು ತೆಳುವಾದ ರಬ್ಬರ್ ಚಪ್ಪಲಿಯನ್ನು ಸೂಜಿಯಂತೆ ಹಾಯುತ್ತದೆ. ಚಮ್ಮಾರರು ಹೊಲಿದ ಎಮ್ಮೆ ಚರ್ಮದ ಮೆಟ್ಟು, ಆ ಬಳಿಕ ಹಳೆಯ ಟೈರಿನ ಅಟ್ಟೆ ಹಾಕಿದ ಚಪ್ಪಲಿ ಇದಕ್ಕೆ ಸರಿಯಾದ ಉತ್ತರಗಳೆನಿಸಿದವು. ಟೈರಿನೊಳಗಿನ ನೂಲಿನ ಪದರಗಳೇ ಮುಳ್ಳನ್ನು ತಡೆಯುವ ಕವಚ. ಚೆಲುವಿಲ್ಲದ ಈ ಚಪ್ಪಲಿ ವರ್ಷಗಟ್ಟಲೆ ಬಾಳುತ್ತದೆ. ಪಟ್ಟಿ ಹರಿದರೆ ಊರಿನಲ್ಲಿಯೇ ದುರಸ್ತಿಯಾಗುತ್ತದೆ. ಬಾಳಿಕೆಯ ಲೆಕ್ಕದಲ್ಲಿ ಈ ದುರಸ್ತಿಯ ಗುಣವನ್ನು ವರ್ತಕರು ಬಹುಮಟ್ಟಿಗೆ ಮರೆತಿದ್ದಾರೆ. ಊರಿನಲ್ಲಿ ರಿಪೇರಿಯಾಗದ ಸಾಮಾನು ಎಷ್ಟೇ ಉತ್ತಮವಾಗಿದ್ದರೂ ಹಳ್ಳಿಯವನಿಗೆ ನಂಬಿಕೆಯ ಸಾಮಾನಲ್ಲ.

ಹಗ್ಗ ಮತ್ತು ಬಲೆಗಳಲ್ಲಿ ಕಾಲ ಪೂರ್ತಿಯಾಗಿ ಬದಲಾಗಿದೆ. ಸುಗ್ಗಿಯಾದ ಮೇಲೆ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕುರಿಗಾಹಿಗಳು ಈಗ ಸುತ್ತಲೂ ಕಟ್ಟುವುದು ನೈಲಾನ್ ಬಲೆಯನ್ನು. ಕತ್ತೆ ಅಥವಾ ಕುದುರೆಯ ಬೆನ್ನಿನ ಮೇಲೆ ಹೇರಲು ಅದು ಹಗುರ, ಮಳೆಗೆ ಕೊಳೆಯುವುದಿಲ್ಲ. ಇಲ್ಲಿ ಹೊಸ ವಸ್ತು ಹಳೆಯದನ್ನು ನ್ಯಾಯವಾಗಿಯೇ ಗೆದ್ದಿದೆ. ಹಳೆಯದೆಲ್ಲ ಒಳ್ಳೆಯದೆಂಬ ಹಟ ವ್ಯಾಪಾರಕ್ಕೆ ಸಲ್ಲದು. ಬಿಸಿಲಿಗೆ ನೈಲಾನ್ ಪುಡಿಯಾಗುವುದುಂಟು ಎಂಬ ಒಂದೇ ಎಚ್ಚರಿಕೆ ಸಾಕು. ಅಂಗಡಿಯವರು ಬಲೆಯ ಕಟ್ಟುಗಳನ್ನು ಬಾಗಿಲ ಮುಂದೆ ಬಿಸಿಲಿನಲ್ಲಿ ತೂಗುಹಾಕಿ ಮಾರುವುದನ್ನು ನಿಲ್ಲಿಸಿದರೆ ಗಿರಾಕಿಗೆ ಒಂದು ವರ್ಷದ ಬಾಳಿಕೆಯನ್ನು ಉಳಿಸಿಕೊಟ್ಟಂತಾಗುತ್ತದೆ.

ಬ್ಯಾಟರಿಯ ವಿಷಯ ಇನ್ನೂ ಗಂಭೀರ. ಎರಡು ಅಥವಾ ಮೂರು ಸೆಲ್ಲಿನ ಹಿತ್ತಾಳೆಯ ಬ್ಯಾಟರಿ ಒಂದು ಕಾಲಕ್ಕೆ ಮನೆಯ ಆಸ್ತಿಯಾಗಿತ್ತು. ಬಲ್ಬು ಹೋದರೆ ಬಲ್ಬು, ಸ್ವಿಚ್ಚು ಸಡಿಲಾದರೆ ಸ್ವಿಚ್ಚು ಬದಲಾಯಿಸಬಹುದಿತ್ತು. ಎಲ್‌ಇಡಿ ಬಂದ ಮೇಲೆ ಬೆಳಕು ಹೆಚ್ಚಿತು, ವಿದ್ಯುತ್ ಬಳಕೆ ಇಳಿಯಿತು. ಹಣೆಗೆ ಕಟ್ಟುವ ಬ್ಯಾಟರಿಯಿಂದ ನಸುಕಿನಲ್ಲಿ ಮಲ್ಲಿಗೆ ಬಿಡಿಸುವವರಿಗೆ ಎರಡೂ ಕೈ ಬಿಡುವಾದವು. ಆದರೆ ಅದರೊಂದಿಗೆ ತಯಾರಕರ ಹೆಸರಾಗಲಿ ಆಮದುದಾರರ ವಿಳಾಸವಾಗಲಿ ಇಲ್ಲದ ಅಗ್ಗದ ಚಾರ್ಜರ್ ಬ್ಯಾಟರಿಗಳೂ ಬಂದವು. ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಗಳು, ಒಳಗೆ ಬಲಹೀನ ಸೆಲ್ಲು.

ಗುಡೇಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಕರಡಿಯ ಸಂಚಾರ ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿಯಲ್ಲಿ. ಅದರ ದೃಷ್ಟಿ ಮಂದ. ಮನುಷ್ಯ ಹಠಾತ್ತನೆ ಹತ್ತಿರದಲ್ಲಿ ಎದುರಾದಾಗ ಅದು ಹೆದರಿ ಮೇಲೆರಗುತ್ತದೆ. ಪಂಪ್‌ಸೆಟ್ ಚಾಲೂ ಮಾಡಲು ರಾತ್ರಿ ಹೊಲಕ್ಕೆ ಹೋಗುವ ರೈತನಿಗೆ ದೂರದಿಂದಲೇ ಕಾಣಿಸುವ ಬೆಳಕು ಮತ್ತು ದೂರದಿಂದಲೇ ಕೇಳಿಸುವ ಸದ್ದು, ಇವೆರಡೇ ರಕ್ಷಣೆ. ಗೆಜ್ಜೆ ಕಟ್ಟಿದ ಕೋಲು, ಗಟ್ಟಿಯಾಗಿ ಮಾತನಾಡುತ್ತ ನಡೆಯುವ ಜೊತೆಗಾರ, ಆರದೆ ಉರಿಯುವ ಬ್ಯಾಟರಿ: ಈ ಮೂರರಲ್ಲಿ ಅಂಗಡಿಯವನು ಕೊಡಬಲ್ಲದ್ದು ಕೊನೆಯದನ್ನು. ಅದು ನಡುರಾತ್ರಿ ಆರಿದರೆ ನಷ್ಟ ಕೇವಲ ಬ್ಯಾಟರಿಯ ಬೆಲೆಯದಲ್ಲ.

ಲೆಕ್ಕ ಏನು ಹೇಳುತ್ತದೆ?

ಬಾಳಿಕೆಯ ಸಾಮಾನು ದುಬಾರಿ, ಆದ್ದರಿಂದ ಹಳ್ಳಿಯಲ್ಲಿ ನಡೆಯುವುದಿಲ್ಲ ಎಂಬ ಮಾತನ್ನು ಲೆಕ್ಕಕ್ಕೆ ಒಡ್ಡಿ ನೋಡಬೇಕು. ಉದಾಹರಣೆಗಾಗಿ, ಒಂದು ಕಂಬಳಿಯ ಬೆಲೆ 2,400 ರೂಪಾಯಿ, ಬಾಳಿಕೆ 8 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ ಬೀಳುವ ವೆಚ್ಚ 300 ರೂಪಾಯಿ. ಅದರ ಬದಲು ಪ್ರತಿ ಮಳೆಗಾಲಕ್ಕೆ 200 ರೂಪಾಯಿಯ ಪ್ಲಾಸ್ಟಿಕ್ ಹಾಳೆ ಮತ್ತು ಮೂರು ವರ್ಷ ಬರುವ 600 ರೂಪಾಯಿಯ ರಗ್ಗು ಕೊಂಡರೆ ವರ್ಷಕ್ಕೆ ಬೀಳುವುದು 400 ರೂಪಾಯಿ. ಕಂಬಳಿ ಅಗ್ಗ, ಆದರೆ ಅದಕ್ಕೆ ಒಮ್ಮೆಗೇ ಹಣ ಹೂಡಬೇಕು. ಗಿರಾಕಿಯ ತೊಂದರೆ ಬೆಲೆಯದಲ್ಲ, ಒಂದೇ ಸಲ ಕೊಡುವ ಶಕ್ತಿಯದು. ಕುರಿ ಮಾರಿದಾಗ ಹಣ, ಅದುವರೆಗೆ ಕಂತು ಎಂಬ ಹಳೆಯ ಅಂಗಡಿಗಳ ಖಾತೆಪದ್ಧತಿ ಈ ತೊಂದರೆಗೇ ಕಂಡುಕೊಂಡ ಪರಿಹಾರವಾಗಿತ್ತು.

ಇನ್ನು ವರ್ತಕನ ಲೆಕ್ಕ. 120 ರೂಪಾಯಿಗೆ ತಂದು 180ಕ್ಕೆ ಮಾರುವ ಹೆಸರಿಲ್ಲದ ಬ್ಯಾಟರಿಯ ಮೇಲೆ 60 ರೂಪಾಯಿ ಲಾಭ ಕಾಣುತ್ತದೆ. 200ಕ್ಕೆ ತಂದು 250ಕ್ಕೆ ಮಾರುವ ಹೆಸರುಳ್ಳ ಬ್ಯಾಟರಿಯ ಮೇಲೆ 50 ರೂಪಾಯಿ ಮಾತ್ರ. ಹತ್ತು ಮಾರಿದಾಗ ಮೊದಲನೆಯದರಲ್ಲಿ 600, ಎರಡನೆಯದರಲ್ಲಿ 500. ಆದರೆ ಮೊದಲನೆಯದರಲ್ಲಿ ಮೂರು ಹಿಂದಿರುಗಿ ಬಂದು ಬದಲಿ ಕೊಡಬೇಕಾದರೆ 360 ರೂಪಾಯಿ ಕೈಬಿಟ್ಟು ಉಳಿಯುವುದು 240 ಮಾತ್ರ. ಬದಲಿ ಕೊಡಲು ಒಪ್ಪದಿದ್ದರೆ 600 ಉಳಿದೀತು; ಮೂವರು ಗಿರಾಕಿಗಳು ಮತ್ತು ಅವರು ಸಂತೆಯಲ್ಲಿ ಹೇಳಿದ ಮಾತು ಕೇಳಿದವರು ಹೋದಾರು. ಈ ನಷ್ಟಕ್ಕೆ ಲೆಕ್ಕಪುಸ್ತಕದಲ್ಲಿ ಕಲಮು ಇಲ್ಲ. ವರ್ಷಾಂತ್ಯದಲ್ಲಿ ಮಾರಾಟವಾಗದೆ ಉಳಿದು ಕೆಟ್ಟ ಬ್ಯಾಟರಿಗಳನ್ನು ಖರೀದಿ ಬೆಲೆಗೇ ದಾಸ್ತಾನಿನಲ್ಲಿ ತೋರಿಸುವ ಅಭ್ಯಾಸವೂ ಸರಿಯಲ್ಲ. ಖರೀದಿ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕೆಂಬುದೇ ಲೆಕ್ಕಶಾಸ್ತ್ರದ ನಿಯಮ. ಇಲ್ಲದ ಲಾಭವನ್ನು ಕಾಗದದ ಮೇಲೆ ಕಂಡು ಅದೇ ಸಾಮಾನನ್ನು ಮತ್ತೆ ತರಿಸುವ ತಪ್ಪು ಇದರಿಂದ ತಪ್ಪುತ್ತದೆ.

ವರ್ತಕರು ಅರಿತಿರಬೇಕಾದ ನಿಯಮಗಳು

ಕೈಯಿಂದ ಬಳಸುವ ಕೃಷಿ ಉಪಕರಣಗಳಾದ ಗುದ್ದಲಿ, ಸಲಿಕೆ, ಕೊಡಲಿ, ಕುಡುಗೋಲು ಮೊದಲಾದವುಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ಇವುಗಳ ಮಾರಾಟಕ್ಕೆ ತೆರಿಗೆ ಬಿಲ್ಲಿನ ಬದಲು ಸರಬರಾಜು ಬಿಲ್ಲು ಕೊಡಬೇಕು. ವಿನಾಯಿತಿ ಇರುವ ಸಾಮಾನನ್ನೂ ತೆರಿಗೆ ಇರುವ ಸಾಮಾನನ್ನೂ ಒಟ್ಟಿಗೆ ಮಾರುವವರು ಅಂಗಡಿ ಬಾಡಿಗೆಯಂಥ ಸಾಮಾನ್ಯ ವೆಚ್ಚಗಳ ಮೇಲಿನ ಹೂಡುವಳಿ ತೆರಿಗೆಯನ್ನು ಪೂರ್ತಿಯಾಗಿ ಪಡೆಯುವಂತಿಲ್ಲ. ವಹಿವಾಟಿನ ಪ್ರಮಾಣಕ್ಕೆ ಹಂಚಬೇಕು. ಈ ಅಂಶವನ್ನು ಕಡೆಗಣಿಸಿ ಬಡ್ಡಿ ತೆರುವ ಪ್ರಸಂಗ ಸಣ್ಣ ವರ್ತಕರಿಗೆ ಎದುರಾಗಬಹುದು. ಸಿದ್ಧ ಜವಳಿ ಸಾಮಗ್ರಿಗಳಿಗೆ ಸಂಬಂಧಿಸಿದಂತೆ 2025ರ ಸೆಪ್ಟೆಂಬರ್ 22ರಿಂದ ಆದ ಬದಲಾವಣೆಯಲ್ಲಿ ಶೇಕಡಾ 5ರ ದರದ ಮಿತಿಯನ್ನು ಒಂದು ತುಂಡಿಗೆ 1,000 ರೂಪಾಯಿಯಿಂದ 2,500 ರೂಪಾಯಿಗೆ ಏರಿಸಲಾಯಿತು. ಹೊದಿಕೆಗಳ ಬೆಲೆ ನಿಗದಿಪಡಿಸುವಾಗ ಈ ಮಿತಿಯನ್ನು ಗಮನದಲ್ಲಿರಿಸಿಕೊಳ್ಳುವುದು ಒಳ್ಳೆಯದು.

ಮಚ್ಚು ಮಾರುವವರಿಗೆ ಇನ್ನೊಂದು ವಿಷಯ. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಕತ್ತಿ, ಚಾಕು ಮೊದಲಾದವನ್ನು ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿವೆ; ಗೃಹಬಳಕೆ, ಕೃಷಿ, ಕೈಗಾರಿಕೆಗಳಿಗೆಂದು ಮಾಡಿದವುಗಳನ್ನು ಅದರಿಂದ ಹೊರಗಿಟ್ಟಿವೆ. ಕೃಷಿ ಉಪಕರಣದ ಆಕಾರದಲ್ಲಿರುವುದನ್ನು ಕೃಷಿ ಉಪಕರಣವೆಂದೇ ಬಿಲ್ಲಿನಲ್ಲಿ ನಮೂದಿಸಿ ಮಾರಬೇಕು. ಅಲಂಕಾರದ ತಲವಾರುಗಳನ್ನು ಅದೇ ಗೂಟಕ್ಕೆ ತೂಗುಹಾಕುವುದು ವಿವೇಕವಲ್ಲ. ಹಾಗೆಯೇ ಕಾಡುಹಂದಿಗೆ ಉರುಳು ಕಟ್ಟಲೆಂದು ಬ್ರೇಕ್ ತಂತಿ ಕೇಳುವವರಿಗೆ, ಬೇಲಿಗೆ ನೇರವಾಗಿ ವಿದ್ಯುತ್ ಹರಿಸಲೆಂದು ತಂತಿ ಕೇಳುವವರಿಗೆ ಇಲ್ಲ ಎನ್ನುವುದು ಗಿರಾಕಿಗೂ ಕ್ಷೇಮ, ಅಂಗಡಿಗೂ ಕ್ಷೇಮ. ಉರುಳಿಗೆ ಹಂದಿಯೇ ಬೀಳಬೇಕೆಂದಿಲ್ಲ, ಕರಡಿಯೂ ಬಿದ್ದೀತು. ವಿದ್ಯುತ್ ಬೇಲಿಗೆ ನೆರೆಹೊಲದವನೇ ಬಲಿಯಾದೀತು.

ಮೂರನೆಯದು ಹೊಣೆಗಾರಿಕೆ. 2020ರ ಜುಲೈಯಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷಯುಕ್ತ ವಸ್ತುವಿನಿಂದ ಹಾನಿಯಾದಾಗ ಅದರ ತಯಾರಕ ಯಾರೆಂದು ತಿಳಿಯದಿದ್ದರೆ, ಮಾರಿದವನೇ ಹೊಣೆಗಾರನಾಗುತ್ತಾನೆ. ತಯಾರಕನ ಭರವಸೆಯನ್ನು ಮೀರಿ ಸ್ವತಃ ಭರವಸೆ ಕೊಟ್ಟು ಮಾರಿದಾಗಲೂ ಹೊಣೆ ಮಾರಿದವನದೇ. ಪೊಟ್ಟಣದ ಮೇಲೆ ತಯಾರಕ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ಆಮದಾದುದಾದರೆ ಮೂಲ ದೇಶದ ಹೆಸರು ಇವು ಇರಲೇಬೇಕು. ಇವಿಲ್ಲದ ಸಾಮಾನನ್ನು ಕೊಳ್ಳುವ ವರ್ತಕನು 60 ರೂಪಾಯಿ ಲಾಭದೊಂದಿಗೆ ಪೂರ್ತಿ ಹೊಣೆಯನ್ನೂ ಕೊಂಡಂತಾಗುತ್ತದೆ.

ತಯಾರಕರ ಪಾಲು

ಬಾಳಿಕೆಯ ಸಾಮಾನು ಅಂಗಡಿಗೆ ಬರಬೇಕಾದರೆ ಅದನ್ನು ಮಾಡುವವನು ಬದುಕಿ ಉಳಿಯಬೇಕು. ಕಮ್ಮಾರ, ಚಮ್ಮಾರ, ಬಲೆ ಹೆಣೆಯುವವ, ಹೂಮಾಲೆ ಕಟ್ಟುವವರು ಸೇರಿದಂತೆ 18 ಕಸುಬುಗಳಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿ, ಉಪಕರಣಗಳಿಗೆ 15,000 ರೂಪಾಯಿ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ತದನಂತರ 2 ಲಕ್ಷ ರೂಪಾಯಿಗಳ ಸಾಲವನ್ನು ನಿಗದಿಪಡಿಸಲಾಗಿದೆ. ಕಂಬಳಿ ನೇಕಾರಿಕೆ ಆ 18ರಲ್ಲಿ ಇಲ್ಲ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ಕೈಮಗ್ಗ ಇಲಾಖೆ ಮತ್ತು ವರ್ತಕ ಸಂಘಗಳು ಕೂಡಿ ಆ ಕೊರತೆಯನ್ನು ತುಂಬುವುದು ಅಗತ್ಯ.

ಯೋಜನೆಗಳಿಗಿಂತ ಮುಖ್ಯವಾದುದು ಸಕಾಲದ ಪಾವತಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ಯಮಿಯಿಂದ ಕೊಂಡ ಸಾಮಾನಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ನೇ ಆರ್ಥಿಕ ವರ್ಷದಿಂದ ಹೀಗೆ ತಡವಾದ ಮೊತ್ತವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಗೆ ಖರ್ಚೆಂದು ಪರಿಗಣಿಸುವ ನಿಯಮವೂ ಬಂದಿದೆ. ಕಮ್ಮಾರನೂ ನೇಕಾರನೂ ಉಚಿತವಾಗಿ ದೊರೆಯುವ ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಈ ರಕ್ಷಣೆ ಅವರದಾಗುತ್ತದೆ. ಜಾತ್ರೆಗೆ ಸಾಮಾನು ಕೊಟ್ಟು ಮುಂದಿನ ಜಾತ್ರೆಯವರೆಗೆ ಹಣಕ್ಕೆ ಕಾಯುವ ಕುಶಲಕರ್ಮಿ ಒಳ್ಳೆಯ ಉಕ್ಕು ಕೊಳ್ಳಲಾರ. ಹದ ಹಾಕುವ ತಾಳ್ಮೆಯೂ ಅವನಲ್ಲಿ ಉಳಿಯಲಾರದು. ಅಲಗಿನಲ್ಲಿ ಕಾಣುವ ದೋಷದ ಬೇರು ಅನೇಕ ಸಲ ಅಂಗಡಿಯ ಖಾತೆಪುಸ್ತಕದಲ್ಲಿರುತ್ತದೆ.

ಪರಿಹಾರಗಳು ದುಬಾರಿಯಾದವೇನಲ್ಲ. ಮಾಡಿದವನ ಗುರುತನ್ನು ಅಲಗಿನ ಮೇಲೆ ಒತ್ತಿಸುವುದು. ಕಂಬಳಿಯ ಅಂಚಿಗೆ ನೇಕಾರನ ಊರಿನ ಹೆಸರಿನ ಪಟ್ಟಿ ಹೊಲಿಸುವುದು. ಹಿಂದಿರುಗಿ ಬಂದ ಸಾಮಾನಿಗೆ ಪ್ರತ್ಯೇಕ ಪುಸ್ತಕವಿಟ್ಟು ವರ್ಷಾಂತ್ಯದಲ್ಲಿ ಯಾವ ಮಾಲು ಎಷ್ಟು ಬಾರಿ ಬಂದಿತೆಂದು ನೋಡುವುದು. ಉಣ್ಣೆಯನ್ನು ಕತ್ತರಿಸುವ ಹಂಗಾಮಿನಲ್ಲಿಯೇ ಹಟ್ಟಿಗಳಿಂದ ಕೂಡಿಹಾಕಿ ನೇಕಾರರಿಗೆ ಮುಟ್ಟಿಸುವುದು. ಮೈಲಾರ, ಕುರುವತ್ತಿ, ಕೊಟ್ಟೂರುಗಳ ಜಾತ್ರೆಗಳಲ್ಲಿ ಇಂಥ ಸಾಮಾನಿಗೆ ಒಂದು ಸಾಲು ಮಳಿಗೆಯನ್ನು ವರ್ತಕರ ಸಂಘಗಳು ಮೀಸಲಿರಿಸಿದರೆ ಮಾರುಕಟ್ಟೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಕುಡುಗೋಲು ಕೊಂಡ ಕುರಿಗಾಹಿ ಅದನ್ನು ಕಂಬಳಿಯ ಮಡಿಕೆಯಲ್ಲಿ ಸುತ್ತಿಕೊಂಡು ಹೊರಡುತ್ತಾನೆ. ದೀಪಾವಳಿಯ ಸುಮಾರಿಗೆ ಹಟ್ಟಿ ಬಿಟ್ಟರೆ ತಿಂಗಳುಗಟ್ಟಲೆ ಅವನಿಗೆ ಅಂಗಡಿಯಿಲ್ಲ, ಬದಲಿ ಸಾಮಾನಿಲ್ಲ. ಹೆಗಲ ಮೇಲಿರುವುದು, ಕೈಯಲ್ಲಿರುವುದು, ಕಾಲಿನಲ್ಲಿರುವುದು ಇಷ್ಟೇ ಅವನ ಬಂಡವಾಳ. ಅದನ್ನು ಕೊಟ್ಟವರು ಯಾರೆಂಬುದನ್ನು ಆತ ಮರೆಯುವುದಿಲ್ಲ; ಚೆನ್ನಾಗಿ ಬಂದರೂ ಮರೆಯುವುದಿಲ್ಲ, ಕೈಕೊಟ್ಟರೂ ಮರೆಯುವುದಿಲ್ಲ. ವರ್ತಕನ ಲೆಕ್ಕಪುಸ್ತಕದಲ್ಲಿ ಸದಭಿಮಾನವೆಂಬ ಆಸ್ತಿಗೆ ಬೆಲೆ ಕಟ್ಟುವುದು ಕಷ್ಟ. ಈ ಸೀಮೆಯಲ್ಲಿ ಅದು ಅಲಗಿನ ನಾದದಲ್ಲಿ, ಕಂಬಳಿಯ ಬಿಗಿಯಲ್ಲಿ, ಆರದ ಬೆಳಕಿನಲ್ಲಿ ಇದೆ ಎಂಬುದನ್ನು ವರ್ತಕ ಬಂಧುಗಳು ಮನಗಂಡರೆ ಸಾಕು.